ಫುಟ್‌ಬಾಲ್ ಆಡುವ ನಮ್ಮ ಹುಡುಗರು ಮತ್ತು ತೊಡೆಯ ಸ್ನಾಯು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

 

ಉರ್ದು ಮತ್ತು ಕನ್ನಡ ಪಾಠ ಮಾಡುವ ಮೇಷ್ಟ್ರು ಇವತ್ತು ಎಸ್.ಎಸ್.ಎಲ್.ಸಿ. ಫಲಿತಾಂಶದ ಬಗ್ಗೆಯೋ ಮಾತೃಭಾಷೆಯ ಬಗ್ಗೆಯೋ ಮಾತಾಡುತ್ತಾರೆ ಎಂದು ನೀವು ಅಂದುಕೊಂಡಿರಬಹುದು. ಕಾರ್ಯದರ್ಶಿಗಳೂ ಹಾಗೇ ಅಂದುಕೊಂಡಿದ್ದರು. "ಸ್ನಾಯುವಿನ ಗಾಯ" ಎಂದು ನಾನು ವಿಷಯ ಹೇಳಿದಾಗ ಫೋನಿನಲ್ಲಿ ಒಂದು ಕ್ಷಣ ಮಾತೇ ಬರಲಿಲ್ಲ. ನಾನು ವೈದ್ಯನಲ್ಲ, ದೈಹಿಕ ಶಿಕ್ಷಕನೂ ಅಲ್ಲ. ಬಿ.ಎಡ್. ಓದುವಾಗ ಕಾಲೇಜು ತಂಡದಲ್ಲಿ ಎಡಬದಿಯಲ್ಲಿ ಆಡುತ್ತಿದ್ದೆ, ಅಷ್ಟೇ. ಆದರೂ ಈ ವಿಷಯವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ ಲಿಖಿತ ಪರೀಕ್ಷೆ ಪಾಸಾಗಿದ್ದ. ದೈಹಿಕ ಪರೀಕ್ಷೆಗೆ ಇನ್ನೂ ಒಂದು ತಿಂಗಳ ಮೇಲೆ ಸಮಯವಿತ್ತು. ಆಗ ಸೊರಬದ ಕಡೆ ಕೊಯ್ಲಾದ ಗದ್ದೆಯೊಂದರಲ್ಲಿ ಒಂದು ದಿನದ ಫುಟ್‌ಬಾಲ್ ಪಂದ್ಯಾವಳಿ ನಡೆಯಿತು. ನಮ್ಮ ತಂಡದ ಜೊತೆ ನಾನೂ ಹೋಗಿದ್ದೆ. ಬೆಳಿಗ್ಗೆ ಒಂದು ಪಂದ್ಯ, ಮಧ್ಯಾಹ್ನ ಒಂದು, ಮೂರೂವರೆಗೆ ಸೆಮಿಫೈನಲ್. ಸೆಮಿಫೈನಲ್‌ನ ಕೊನೆಯಲ್ಲಿ ಆ ಹುಡುಗ ಚೆಂಡಿನ ಹಿಂದೆ ಓಡುತ್ತಿದ್ದವನು ಯಾರೂ ಮುಟ್ಟದೆಯೇ ತಟ್ಟನೆ ನಿಂತು ತೊಡೆಯ ಹಿಂಭಾಗ ಹಿಡಿದುಕೊಂಡ. "ನಸ್ ಚಡ್ ಗಯಿ ಸರ್" ಎಂದ. ನಾನು ನನ್ನ ದಸ್ತಿಯನ್ನು ಅವನ ತೊಡೆಗೆ ಬಿಗಿಯಾಗಿ ಕಟ್ಟಿ, "ಏನಾಗಲ್ಲ, ಹತ್ತು ನಿಮಿಷ ಇದೆ, ಹೋಗು" ಎಂದೆ. ಅವನು ಹೋದ. ನಾವು ಗೆದ್ದೆವು. ಫೈನಲ್ ಪಂದ್ಯವನ್ನೂ ಅವನು ಕುಂಟುತ್ತಲೇ ಆಡಿದ.

ಮನೆಯಲ್ಲಿ ದಾದಿ ಎಣ್ಣೆ ಬಿಸಿ ಮಾಡಿ ಗಟ್ಟಿಯಾಗಿ ಮಾಲಿಶ್ ಮಾಡಿದರು. ಮೂರನೇ ದಿನ ತೊಡೆ ಮೊಣಕಾಲಿನವರೆಗೆ ನೀಲಿಯಾಯಿತು. ಒಂದು ವಾರದಲ್ಲಿ ನಡೆಯಲು ನೋವಿಲ್ಲ ಎನಿಸಿತು. ಹನ್ನೆರಡನೇ ದಿನ ಓಟದ ಅಭ್ಯಾಸಕ್ಕೆ ಇಳಿದ, ಅದೇ ಜಾಗದಲ್ಲಿ ಮತ್ತೆ ಹರಿಯಿತು. ಕಾನ್‌ಸ್ಟೇಬಲ್ ಹುದ್ದೆಗೆ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು ಎಂಬುದು ಇಲ್ಲಿರುವ ಅನೇಕ ಹುಡುಗರಿಗೆ ಗೊತ್ತು. ಆ ದಿನ ಅವನು ಮೂರನೇ ಸುತ್ತಿನಲ್ಲಿ ನಿಂತುಬಿಟ್ಟ. ಮಾರನೇ ದಿನ ಅವನ ತಾಯಿ ಶಾಲೆಗೆ ಬಂದು, "ಮಾಸ್ಟರ್ ಸಾಬ್, ನಸೀಬಿನಲ್ಲಿ ಇರಲಿಲ್ಲ ಬಿಡಿ" ಎಂದು ನನಗೇ ಸಮಾಧಾನ ಹೇಳಿದರು. ಆ ದಸ್ತಿ ಕಟ್ಟಿದವನು ನಾನು ಎಂದು ಅವರಿಗೆ ತಿಳಿದಿರಲಿಲ್ಲ. ಇವತ್ತು ತಿಳಿಯಲಿ ಎಂದೇ ಹೇಳುತ್ತಿದ್ದೇನೆ. ನಸೀಬಿನ ಮಾತು ನಾನು ಅಲ್ಲಗಳೆಯುವವನಲ್ಲ. ಆದರೆ ಆ ದಿನ ನಡೆದದ್ದರಲ್ಲಿ ನಮ್ಮ ಕೈಯಲ್ಲೇ ಇದ್ದದ್ದು ಬಹಳ ಇತ್ತು.

ಭಾಷೆಯ ಮೇಷ್ಟ್ರಾದ್ದರಿಂದ ಮೊದಲು ಮಾತಿನಿಂದಲೇ ಶುರು ಮಾಡುತ್ತೇನೆ. ಉರ್ದುವಿನಲ್ಲಿ ನಾವು "ನಸ್ ಚಡ್ ಗಯಿ" ಎನ್ನುತ್ತೇವೆ, ಕನ್ನಡದಲ್ಲಿ "ನರ ಹಿಡಿದುಕೊಂಡಿತು" ಎನ್ನುತ್ತೇವೆ. ಎರಡು ಭಾಷೆಯೂ ಒಂದೇ ತಪ್ಪು ಮಾಡುತ್ತವೆ. ಹಿಡಿದುಕೊಂಡದ್ದು ನರವಲ್ಲ, ಹರಿದದ್ದು ಸ್ನಾಯು, ಉರ್ದುವಿನ ಪಟ್ಠಾ. ನರ ಸ್ಥಳ ತಪ್ಪಿದೆ ಎಂದು ನಂಬಿದವರು ಅದನ್ನು ಉಜ್ಜಿ ಜಾಗಕ್ಕೆ ತರಲು ಹೋಗುತ್ತಾರೆ. ಹರಿದಿದೆ ಎಂದು ತಿಳಿದವರು ಹರಿದ ಬಟ್ಟೆಯನ್ನು ಎಳೆಯುವುದಿಲ್ಲ. ಒಂದು ಶಬ್ದ ಇಷ್ಟು ಕೆಲಸ ಮಾಡುತ್ತದೆ.

ಸ್ನಾಯು ಎಂದರೆ ಸಾವಿರಾರು ಸಣ್ಣ ಎಳೆಗಳ ಕಟ್ಟು. ಅದು ಹರಿಯುವುದು ಯಾವಾಗ? ಬಾವಿಯಿಂದ ತುಂಬಿದ ಕೊಡ ಎಳೆಯುವುದು ಒಂದು ಶ್ರಮ. ಆದರೆ ಭಾರವಾದ ವಸ್ತುವನ್ನು ಹಗ್ಗ ಕಟ್ಟಿ ನಿಧಾನವಾಗಿ ಕೆಳಗೆ ಇಳಿಸಿ ನೋಡಿ. ಹಗ್ಗ ಮುಂದಕ್ಕೆ ಜಾರುತ್ತಿರುತ್ತದೆ, ನೀವು ಬಿಗಿಹಿಡಿದು ತಡೆಯುತ್ತಿರುತ್ತೀರಿ. ತೋಳು ಉದ್ದವಾಗುತ್ತಲೇ ದುಡಿಯುತ್ತದೆ. ವೇಗವಾಗಿ ಓಡುವಾಗ ಪಾದ ನೆಲ ಮುಟ್ಟುವ ಸ್ವಲ್ಪ ಮೊದಲು ಕಾಲು ಮುಂದಕ್ಕೆ ಬೀಸುತ್ತದೆ. ಆಗ ತೊಡೆಯ ಹಿಂಭಾಗದ ಸ್ನಾಯು ಹೀಗೇ ಉದ್ದವಾಗುತ್ತಲೇ ಬ್ರೇಕ್ ಹಾಕಬೇಕಾಗುತ್ತದೆ. ಫುಟ್‌ಬಾಲ್‌ನಲ್ಲಿ ಅದು ಹರಿಯುವುದು ಹೆಚ್ಚಾಗಿ ಆ ಗಳಿಗೆಯಲ್ಲೇ. ಆದ್ದರಿಂದಲೇ ಎದುರಾಳಿ ಮುಟ್ಟಬೇಕಾಗಿಲ್ಲ. ಚೆಂಡನ್ನು ಜೋರಾಗಿ ಒದೆಯುವಾಗ ತೊಡೆಯ ಮುಂಭಾಗ, ಅಡ್ಡಕ್ಕೆ ಕಾಲು ಚಾಚಿ ಚೆಂಡು ತಡೆಯುವಾಗ ತೊಡೆಸಂದು, ನಿಂತಲ್ಲಿಂದ ಚಿಮ್ಮುವಾಗ ಮೀನಖಂಡ, ಹೀಗೆ ಒಂದೊಂದಕ್ಕೆ ಒಂದೊಂದು ಅಪಾಯ.

ಸ್ವೀಡನ್ನಿನ ವೈದ್ಯ ಯಾನ್ ಎಕ್‌ಸ್ಟ್ರಾಂಡ್ ಮತ್ತು ಸಂಗಡಿಗರು 2001ರಿಂದ 2009ರವರೆಗೆ ಯುರೋಪಿನ 2,299 ವೃತ್ತಿಪರ ಆಟಗಾರರ ಗಾಯಗಳ ಲೆಕ್ಕ ಇಟ್ಟರು. ಒಟ್ಟು ಗಾಯಗಳಲ್ಲಿ ಶೇ. 31 ಸ್ನಾಯುವಿನವು. ಆ ಸ್ನಾಯುಗಾಯಗಳಲ್ಲಿ ಶೇ. 37 ತೊಡೆಯ ಹಿಂಭಾಗ, ಶೇ. 23 ತೊಡೆಸಂದು, ಶೇ. 19 ತೊಡೆಯ ಮುಂಭಾಗ, ಶೇ. 13 ಮೀನಖಂಡ. ಫಿಸಿಯೋ, ವೈದ್ಯ, ಹಸಿರು ಹುಲ್ಲು ಎಲ್ಲವೂ ಇರುವವರ ಸ್ಥಿತಿ ಇದು. ಇನ್ನು ಗ್ಯಾರೇಜಿನಲ್ಲಿ ದುಡಿದು, ಅಂಗಡಿಯಲ್ಲಿ ಕೂತು, ಐ.ಟಿ.ಐ. ಓದಿ ಭಾನುವಾರ ಮಾತ್ರ ಚೆಂಡು ಮುಟ್ಟುವ ನಮ್ಮ ಹುಡುಗರ ಲೆಕ್ಕ ಇಡುವವರು ಯಾರು?

ಅಪಾಯದ ಕಾರಣಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಹಳೆಯ ಗಾಯ. ಒಮ್ಮೆ ಹರಿದ ಸ್ನಾಯು ಮತ್ತೆ ಹರಿಯುವ ಸಂಭವ ಹೆಚ್ಚು ಎಂಬುದು ಅಧ್ಯಯನದ ಮೇಲೆ ಅಧ್ಯಯನದಲ್ಲಿ ಕಂಡುಬಂದಿದೆ. ಮೇಲೆ ಹೇಳಿದ ಯುರೋಪಿನ ಲೆಕ್ಕದಲ್ಲೂ ಶೇ. 16 ಗಾಯಗಳು ಹಳೆಯ ಜಾಗದಲ್ಲೇ ಮರುಕಳಿಸಿದವು, ಮತ್ತು ಆ ಆಟಗಾರರು ಮೊದಲ ಸಲಕ್ಕಿಂತ ಹೆಚ್ಚು ದಿನ ಹೊರಗುಳಿದರು. ಕಾರಣ ಸರಳ. ನೋವು ಹೋಗುವುದು ಮೊದಲು, ಬಲ ಬರುವುದು ಆಮೇಲೆ. ಆ ಎರಡರ ನಡುವಿನ ದಿನಗಳಲ್ಲಿ ಹುಡುಗ ತಾನು ಗುಣವಾದೆ ಎಂದು ತಿಳಿಯುತ್ತಾನೆ. ಗಾಯವನ್ನು ಮುಚ್ಚಿಡುವ ಅಭ್ಯಾಸವೂ ನಮ್ಮಲ್ಲಿ ಬಹಳ. ಹೇಳಿದರೆ ತಂಡದಿಂದ ಬಿಡುತ್ತಾರೆ, ಮನೆಯಲ್ಲಿ ಅಬ್ಬ ಆಟವನ್ನೇ ನಿಲ್ಲಿಸುತ್ತಾರೆ. ಪೋಷಕರಲ್ಲಿ ನನ್ನ ವಿನಂತಿ ಇಷ್ಟೇ. ಕುಂಟುತ್ತಾ ಬಂದ ಮಗನಿಗೆ ಮೊದಲು ಬೈದರೆ ಎರಡನೇ ಸಲ ಅವನು ಕುಂಟದಂತೆ ನಟಿಸುತ್ತಾನೆ.

ಎರಡನೆಯ ದೊಡ್ಡ ಕಾರಣ ದಣಿವು. ಇಂಗ್ಲೆಂಡಿನ ವೃತ್ತಿಪರ ಕ್ಲಬ್‌ಗಳ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಪಂದ್ಯಗಳಲ್ಲಿ ಆದ ತೊಡೆಯ ಹಿಂಭಾಗದ ಗಾಯಗಳಲ್ಲಿ ಶೇ. 47 ಪ್ರತಿ ಅರ್ಧದ ಕೊನೆಯ ಮೂರನೇ ಒಂದು ಭಾಗದಲ್ಲಿ ಆದವು ಎಂದು ಅದು ಹೇಳುತ್ತದೆ. ಅವರು ಆಡುತ್ತಿದ್ದದ್ದು ಒಂದು ದಿನಕ್ಕೆ ಒಂದೇ ಪಂದ್ಯ. ನಮ್ಮ ಒಂದು ದಿನದ ಪಂದ್ಯಾವಳಿಯಲ್ಲಿ ಅದೇ ಹನ್ನೊಂದು ಹುಡುಗರು ನಾಲ್ಕು ಪಂದ್ಯ ಆಡುತ್ತಾರೆ. ಮೈಕ್ ಬಾಡಿಗೆ, ಶಾಮಿಯಾನ ಬಾಡಿಗೆ, ಅತಿಥಿಗಳ ಬಿಡುವು, ಎಲ್ಲವೂ ಒಂದೇ ದಿನಕ್ಕೆ ಹೊಂದುತ್ತದೆ, ಹುಡುಗರ ಕಾಲು ಮಾತ್ರ ಹೊಂದುವುದಿಲ್ಲ. ಪಂದ್ಯಾವಳಿ ನಡೆಸುವ ಹಿರಿಯರು ಇಲ್ಲೇ ಕುಳಿತಿದ್ದೀರಿ. ಎರಡು ಭಾನುವಾರಕ್ಕೆ ಹಂಚಿದರೆ ಟ್ರೋಫಿಯ ಹೊಳಪೇನೂ ಕಡಿಮೆಯಾಗದು. ಅದು ಆಗದಿದ್ದರೆ ಬದಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಮಾಡಲು ಬಿಡಿ. ನಮ್ಮ ಊರಿನ ಪಂದ್ಯಾವಳಿಗೆ ನಿಯಮ ಮಾಡುವವರು ನಾವೇ ಅಲ್ಲವೇ?

ಮೂರನೆಯದು, ಇದ್ದಕ್ಕಿದ್ದಂತೆ ಭಾರ ಏರಿಸುವುದು. ಇಲ್ಲಿ ನನಗೆ ಈದ್ ಮರುದಿನದ ಮ್ಯಾಚ್ ನೆನಪಾಗುತ್ತದೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗರು ರಾತ್ರಿ ಬಸ್ಸಿನಲ್ಲಿ ಕಾಲು ಮಡಚಿ ಕೂತು ನಿದ್ದೆಯಿಲ್ಲದೆ ಬರುತ್ತಾರೆ. ಒಂದು ತಿಂಗಳಿಂದ ಚೆಂಡು ಮುಟ್ಟಿರುವುದಿಲ್ಲ. ಹಬ್ಬದ ದಿನ ಶೀರ್ ಖುರ್ಮಾ, ಬಿರಿಯಾನಿ, ಮಾರನೇ ಬೆಳಿಗ್ಗೆ ಎಂಟಕ್ಕೆ ಶಿಕಾರಿಪುರ ಒಂದು ಕಡೆ, ಸೊರಬ ಇನ್ನೊಂದು ಕಡೆ, ಪ್ರಾಣ ಹೋದರೂ ಸೋಲಬಾರದು. ಮೊದಲ ಹತ್ತು ನಿಮಿಷದಲ್ಲೇ ಒಬ್ಬ ಕಾಲು ಹಿಡಿದು ಕೂರುತ್ತಾನೆ. "ನಜರ್ ಲಗ್ ಗಯಿ" ಎನ್ನುತ್ತೇವೆ.

ಉಪವಾಸದಿಂದಲೇ ಸ್ನಾಯು ಹರಿಯುತ್ತದೆ ಎಂದು ಯಾರೂ ತಪ್ಪು ತಿಳಿಯಬೇಡಿ. ಟ್ಯುನೀಷಿಯಾದ ವೃತ್ತಿಪರ ಆಟಗಾರರನ್ನು ಕುರಿತು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರಂಜಾನ್ ತಿಂಗಳಲ್ಲಿ ಒಟ್ಟು ಗಾಯಗಳು ಗಣನೀಯವಾಗಿ ಹೆಚ್ಚಲಿಲ್ಲ. ಆದರೆ ಅತಿಯಾದ ಬಳಕೆಯಿಂದ ನಿಧಾನವಾಗಿ ಆಗುವ ಗಾಯಗಳು ಉಪವಾಸವಿದ್ದವರಲ್ಲಿ ಹೆಚ್ಚು ಕಂಡವು. ಅಂದರೆ ಆ ತಿಂಗಳಲ್ಲಿ ಹಗುರ ಅಭ್ಯಾಸ ಬಿಡದೆ ಇಟ್ಟುಕೊಳ್ಳಬೇಕು, ನಿದ್ದೆ ಕಾಯ್ದುಕೊಳ್ಳಬೇಕು, ಇಫ್ತಾರ್ ಮತ್ತು ಸಹರಿಯ ನಡುವೆ ನೀರು ಚೆನ್ನಾಗಿ ಕುಡಿಯಬೇಕು, ಹಬ್ಬ ಮುಗಿದ ಮೇಲೆ ಒಂದೆರಡು ವಾರ ನಿಧಾನವಾಗಿ ಏರಿಸಿ ಆಮೇಲೆ ಸ್ಪರ್ಧೆಗೆ ಇಳಿಯಬೇಕು.

ಹಿರಿಯರೊಬ್ಬರು ನನಗೆ ಕೇಳಿದರು: "ನಮ್ಮ ಕಾಲದಲ್ಲಿ ಈ ವಾರ್ಮ್‌ಅಪ್ಪು ಗೀರ್ಮ್‌ಅಪ್ಪು ಎಲ್ಲಿತ್ತು? ಬರಿಗಾಲಲ್ಲಿ ಆಡಿ ಗೆದ್ದವರಿಲ್ಲವೇ?" ಇದ್ದಾರೆ, ಹೆಮ್ಮೆಯಿಂದ ಹೇಳೋಣ. ಬಾಂಬೆಯ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ನಮ್ಮ ರಾಜ್ಯದ್ದು. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಅದನ್ನು ಗೆದ್ದಿತು, 1938ರಲ್ಲಿ ಮತ್ತೆ ಗೆದ್ದಿತು. ಬೆಂಗಳೂರಿನ ಅಹ್ಮದ್ ಖಾನ್ 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್ ಎರಡರಲ್ಲೂ ಭಾರತಕ್ಕೆ ಆಡಿದರು, ಲಂಡನ್ನಿನಲ್ಲಿ ನಮ್ಮವರು ಬಹುಪಾಲು ಬರಿಗಾಲಲ್ಲೇ ಆಡಿದ್ದು ನಿಜ. 1968-69ರಲ್ಲಿ ಮೈಸೂರು ರಾಜ್ಯವಾಗಿ ಗೆದ್ದ ಸಂತೋಷ್ ಟ್ರೋಫಿಯನ್ನು ಕರ್ನಾಟಕ ಮತ್ತೆ ಗೆದ್ದದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ. ಆದರೆ ಆ ದೊಡ್ಡವರು ಆಟವನ್ನೇ ಉಸಿರಾಡಿದವರು. ಅವರ ಕಾಲು ವಾರಪೂರ್ತಿ ದುಡಿದು ಗಟ್ಟಿಯಾಗಿತ್ತು. ನಮ್ಮ ಹುಡುಗರ ಕಾಲು ಆರು ದಿನ ಬೈಕಿನ ಮೇಲೆ, ಏಳನೇ ದಿನ ಮೈದಾನದಲ್ಲಿ. ಹೋಲಿಕೆ ಸರಿಯಲ್ಲ. ಅವರಲ್ಲಿ ಗಾಯವಾಗಿ ಮನೆ ಸೇರಿದವರ ಹೆಸರು ನಮಗೆ ಗೊತ್ತೂ ಇಲ್ಲ.

ವಯಸ್ಸೂ ಒಂದು ಕಾರಣ. ಮೂವತ್ತು ದಾಟಿದವರು, ಅಂದರೆ ನನ್ನಂಥವರು, ಹಳೆಯ ವಿದ್ಯಾರ್ಥಿಗಳ ಪಂದ್ಯದಲ್ಲಿ ಮೀನಖಂಡ ಹಿಡಿದುಕೊಂಡು ನಗೆಪಾಟಲಾಗುವುದು ಇದರಿಂದಲೇ. ಮೈದಾನದ ಮಾತು ಹೇಳುವುದಾದರೆ ಬೇಸಿಗೆಯಲ್ಲಿ ಗದ್ದೆಯ ಹೆಂಟೆ ಕಲ್ಲಾಗಿರುತ್ತದೆ, ಮಳೆಗಾಲದಲ್ಲಿ ಕೆಸರಿನಲ್ಲಿ ಕಾಲು ಜಾರಿ ತೊಡೆಸಂದು ಎಳೆಯುತ್ತದೆ. ಅದನ್ನು ನಾವು ಬದಲಾಯಿಸಲಾರೆವು, ಬೆಳಿಗ್ಗೆ ಹೋಗಿ ಗುಂಡಿ ಮುಚ್ಚಬಹುದು, ಅಷ್ಟೇ.

ಶಿಕ್ಷಕರು ವಿಶೇಷವಾಗಿ ಗಮನಿಸಬೇಕಾದ ಒಂದು ವಿಷಯವಿದೆ. ಹದಿಮೂರರಿಂದ ಹದಿನೇಳು ವಯಸ್ಸಿನ ಮಕ್ಕಳಲ್ಲಿ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ನಾವು ಕುಳಿತಾಗ ನೆಲಕ್ಕೆ ಒತ್ತುವ ಮೂಳೆ ಇದೆಯಲ್ಲ, ತೊಡೆಯ ಹಿಂಭಾಗದ ಸ್ನಾಯು ಅಂಟಿಕೊಂಡಿರುವುದು ಅಲ್ಲಿಗೆ. ಈ ವಯಸ್ಸಿನಲ್ಲಿ ಸ್ನಾಯುವಿಗಿಂತ ಆ ಬೆಳೆಯುವ ಜಾಗವೇ ದುರ್ಬಲ. ಜೋರಾಗಿ ಓಡುವಾಗ "ಟಪ್" ಎಂದು ಶಬ್ದ ಬಂದು ಪೃಷ್ಠದ ಕೆಳಗೆ ನೋವಾಗಿ ಹುಡುಗ ಕೂರಲಾರದೆ ಹೋದರೆ, ಸ್ನಾಯುವಿನ ಬದಲು ಮೂಳೆಯ ಚೂರೇ ಕಿತ್ತು ಬಂದಿರಬಹುದು. ಎಕ್ಸ್‌ರೇ ತೆಗೆಸದೆ ಗೊತ್ತಾಗುವುದಿಲ್ಲ. ಅಂಥ ಮಗುವಿನ ಕಾಲನ್ನು ಎಳೆದು ಉಳುಕು ತೆಗೆಸುವುದು ಬೇಡವೇ ಬೇಡ.

ಗಾಯವಾದರೆ ಏನು ಮಾಡಬೇಕು? ಆಟ ಅಲ್ಲಿಗೇ ನಿಲ್ಲಬೇಕು, ದಸ್ತಿ ಕಟ್ಟಿ ಕಳಿಸುವ ಮೇಷ್ಟ್ರು ಬೇಡ. ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ಹದಿನೈದು ನಿಮಿಷ ಇಡಬಹುದು. ಅದು ನೋವು ತಗ್ಗಿಸುತ್ತದೆ, ಹರಿದ ಎಳೆಯನ್ನು ಹೊಲಿಯುವುದಿಲ್ಲ. ಹದವಾಗಿ ಪಟ್ಟಿ ಸುತ್ತಿ ಕಾಲು ಎತ್ತರದಲ್ಲಿ ಇಡಿ. ಮೊದಲ ಎರಡು ಮೂರು ದಿನ ಬಿಸಿ ಶಾಖ, ಬಿಸಿ ಎಣ್ಣೆ, ಮಾಲಿಶ್ ಬೇಡ. ಒಳಗೆ ರಕ್ತ ಒಸರುತ್ತಿರುವಾಗ ಉಜ್ಜಿದರೆ ಇನ್ನಷ್ಟು ಒಸರುತ್ತದೆ. ದಾದಿಯ ಪ್ರೀತಿಯಲ್ಲಿ ದೋಷವಿಲ್ಲ, ದಿನ ಮಾತ್ರ ತಪ್ಪು. ಕಾಲೂರಲು ಆಗದಿದ್ದರೆ, ತೊಡೆಯಲ್ಲಿ ಗುಳಿ ಕಂಡರೆ, ನೀಲಿ ಹರಡಿದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿ ಹೇಳಿದರೆ ಶಿವಮೊಗ್ಗಕ್ಕೂ ಹೋಗಿ. ನೋವಿನ ಇಂಜೆಕ್ಷನ್ ಹಾಕಿಸಿಕೊಂಡು ಫೈನಲ್ ಆಡುವುದು, ಮನೆಗೆ ಬೆಂಕಿ ಬಿದ್ದಾಗ ಕೂಗುವವನ ಬಾಯಿ ಮುಚ್ಚಿದಂತೆ.

ಮರಳಿ ಆಡುವುದು ಯಾವಾಗ? ಸಣ್ಣ ಹರಿತಕ್ಕೆ ಒಂದರಿಂದ ಮೂರು ವಾರ, ಮಧ್ಯಮಕ್ಕೆ ಒಂದೆರಡು ತಿಂಗಳು, ಪೂರ್ತಿ ಹರಿದರೆ ಮೂರು ತಿಂಗಳಿಗೂ ಮೇಲೆ. ಆದರೆ ಕ್ಯಾಲೆಂಡರ್ ನೋಡಿ ತೀರ್ಮಾನಿಸಬೇಡಿ. ನಿಧಾನ ಓಟ ನೋವಿಲ್ಲದೆ ಆಗಬೇಕು, ಆಮೇಲೆ ಅರ್ಧ ವೇಗ, ಮುಕ್ಕಾಲು ವೇಗ, ಪೂರ್ಣ ವೇಗ, ತಟ್ಟನೆ ನಿಂತು ತಿರುಗುವುದು, ಜೋರಾಗಿ ಒದೆಯುವುದು. ಒಂದು ಮೆಟ್ಟಿಲಲ್ಲಿ ನೋವು ಬಂದರೆ ಒಂದು ಮೆಟ್ಟಿಲು ಕೆಳಗೆ. ಗಾಯದ ಕಾಲು ಇನ್ನೊಂದರಷ್ಟೇ ಬಲವಾದ ಮೇಲೆ ಪಂದ್ಯ.

ಕನ್ನಡದಲ್ಲಿ ತಾಲೀಮು ಎಂದರೆ ಮೈಯ ಕಸರತ್ತು. ಉರ್ದುವಿನಲ್ಲಿ ತಾಲೀಮ್ ಎಂದರೆ ವಿದ್ಯೆ. ನಮ್ಮದು ತಾಲೀಮಿನ ಸಂಘ, ಆದ್ದರಿಂದ ಒಂದು ತಾಲೀಮು ಕಲಿಸಿಯೇ ಇಳಿಯುತ್ತೇನೆ. ಫುಟ್‌ಬಾಲ್ ಆಟಗಾರರಿಗಾಗಿ 2006ರಲ್ಲಿ ರೂಪಿಸಿದ "ಫಿಫಾ 11 ಪ್ಲಸ್" ಎಂಬ ಇಪ್ಪತ್ತು ನಿಮಿಷದ ವಾರ್ಮ್‌ಅಪ್ ಇದೆ. ಮೊದಲು ಓಟ, ನಡುವೆ ಬಲ ಮತ್ತು ಸಮತೋಲನ, ಕೊನೆಗೆ ಮತ್ತೆ ವೇಗದ ಓಟ. ಒಂದು ಚೆಂಡು ಬಿಟ್ಟರೆ ಬೇರೇನೂ ಬೇಕಿಲ್ಲ. ಇದೇ ವಾರ್ಮ್‌ಅಪ್ಪನ್ನು ನಾರ್ವೆಯ 13ರಿಂದ 17 ವಯಸ್ಸಿನ 1,892 ಹುಡುಗಿಯರಲ್ಲಿ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಅದನ್ನು ಮಾಡಿದ ತಂಡಗಳಲ್ಲಿ ಗಾಯಗಳು ಸುಮಾರು ಮೂರನೇ ಒಂದು ಭಾಗ ಕಡಿಮೆಯಾದವು. ನಮ್ಮ ಹೆಣ್ಣುಮಕ್ಕಳೂ ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಹೋಗುತ್ತಾರೆ, ಅವರಿಗೂ ಇದನ್ನು ಕಲಿಸಿ.

ಇದರಲ್ಲೇ ಬರುವ ಒಂದು ವ್ಯಾಯಾಮ ನಾರ್ಡಿಕ್ ಎಂದು ಪ್ರಸಿದ್ಧ. ಡೆನ್ಮಾರ್ಕಿನಲ್ಲಿ ವೃತ್ತಿಪರ ಮತ್ತು ಹವ್ಯಾಸಿ ಎರಡೂ ಸೇರಿ 50 ತಂಡಗಳ 942 ಆಟಗಾರರಲ್ಲಿ ಪರೀಕ್ಷಿಸಿದರು, ಫಲಿತಾಂಶ 2011ರಲ್ಲಿ ಬಂತು. ವ್ಯಾಯಾಮ ಮಾಡಿದ ತಂಡಗಳಲ್ಲಿ ತೊಡೆಯ ಹಿಂಭಾಗದ ಗಾಯ 15, ಮಾಡದವರಲ್ಲಿ 52. ಹಳೆಯ ಗಾಯ ಇದ್ದವರಿಗೆ ಲಾಭ ಇನ್ನೂ ಹೆಚ್ಚು. ನಾನು ಬಾವಿಯ ಹಗ್ಗದ ಮಾತು ಹೇಳಿದೆನಲ್ಲ, ಇದು ಅದೇ, ಭಾರವನ್ನು ನಿಧಾನವಾಗಿ ಇಳಿಸುವ ಅಭ್ಯಾಸ. ಮೈ ಬಿಸಿಯಾದ ಮೇಲೆ ಮಾಡಬೇಕು. ಮೆತ್ತನೆಯ ಜಾಗದಲ್ಲಿ ಮಂಡಿಯೂರಿ ನೆಟ್ಟಗಿರಿ, ಹಿಂದೆ ಒಬ್ಬ ನಿಮ್ಮ ಎರಡೂ ಹರಡುಗಳನ್ನು ನೆಲಕ್ಕೆ ಒತ್ತಿ ಹಿಡಿಯಲಿ. ಸೊಂಟ ಮಡಚದೆ, ಮಂಡಿಯಿಂದ ಭುಜದವರೆಗೆ ಒಂದೇ ಗೆರೆಯಲ್ಲಿ, ಎಷ್ಟು ನಿಧಾನ ಸಾಧ್ಯವೋ ಅಷ್ಟು ನಿಧಾನವಾಗಿ ಮುಂದಕ್ಕೆ ಬಾಗಿ. ತಡೆಯಲಾಗದಾಗ ಕೈ ಊರಿ, ಕೈಯಿಂದಲೇ ತಳ್ಳಿ ಮೇಲಕ್ಕೆ ಬನ್ನಿ. ಮೊದಲ ವಾರ ಒಂದೇ ದಿನ, ಐದರಂತೆ ಎರಡು ಸಲ, ಹೆಚ್ಚು ಬೇಡ. ಎರಡನೇ ವಾರ ಎರಡು ದಿನ, ಆರರಂತೆ ಎರಡು ಸಲ. ಮೂರನೇ ವಾರದಿಂದ ಮೂರು ದಿನ, ನಿಧಾನವಾಗಿ ಎಂಟು, ಹತ್ತಕ್ಕೆ ಏರಿಸಿ. ಶುರುವಿನಲ್ಲಿ ತೊಡೆ ಹಿಡಿದಂತಾಗಿ ನೋಯುತ್ತದೆ, ಹೆದರಬೇಡಿ. ಪಂದ್ಯದ ಹಿಂದಿನ ದಿನ ಮಾತ್ರ ಶುರು ಮಾಡಬೇಡಿ.

ಜಮಖಾನ ಹಾಸಿದ್ದಾರೆ. ಹತ್ತನೇ ತರಗತಿಯ ಇಬ್ಬರು ವೇದಿಕೆಯ ಮುಂದೆ ಬನ್ನಿ. ಕಾಲು ಹಿಡಿಯಲು ನನ್ನ ಆ ಹಳೆಯ ವಿದ್ಯಾರ್ಥಿಯೇ ಬಂದಿದ್ದಾನೆ. ಮುಂದಿನ ನೇಮಕಾತಿಗೆ ಅರ್ಜಿ ಹಾಕಲು ಅವನಿಗೆ ಇನ್ನೂ ವಯಸ್ಸಿದೆ, ಐದು ತಿಂಗಳಿಂದ ಈ ತಾಲೀಮು ಬಿಟ್ಟಿಲ್ಲ. ಹೇಗೆ ಹಿಡಿಯಬೇಕೆಂದು ನನಗಿಂತ ಅವನಿಗೇ ಚೆನ್ನಾಗಿ ಗೊತ್ತು.